ದನದ ಡಾಕ್ಟರ ಬೈಕು

"ಕಬ್ಬಿಣಕ್ಕೂ ನೆನಪಿರುತ್ತೆ!" ಎಂದು ಚಂದ್ರಮೌಳಿ ಭಾನುವಾರ ಬೆಳಿಗ್ಗೆ ಪೆಟ್ರೋಲ್ ಬಂಕಿನ ಮುಂದೆ ನಿಂತು ಘೋಷಿಸಿದರು. ಹಳೆಯ ಬೈಕೊಂದರ ಟ್ಯಾಂಕಿಗೆ ಟಿಫನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ ಬಿಗಿದು, ಅದರ ಮೇಲೆ ಕೈಯಿಟ್ಟುಕೊಂಡು ಬೀಗುತ್ತಿದ್ದರು.

ಹೇಮಾವತಿ ಮಾತ್ರ ಹೆಲ್ಮೆಟ್ಟಿನ ಪಟ್ಟಿಯನ್ನು ಮೂರನೇ ಸಲ ಬಿಗಿದುಕೊಂಡಳು. ತುಮಕೂರಿನ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರಾಗಿದ್ದ ಆಕೆ ಬೈಕ್ ಸಂಘದ ಕ್ಯಾಪ್ಟನ್ ಆದಮೇಲೆ ಇದೇ ಮೊದಲ ಸವಾರಿ. ಕಳೆದ ಸಲ ದೇವರಾಯನದುರ್ಗದ ಕಡೆಯ ಅಂಕುಡೊಂಕು ರಸ್ತೆಗಳಲ್ಲಿ ಮೂವರು ದಾರಿ ತಪ್ಪಿ, ಆ ಅವಮಾನಕ್ಕೆ ಹಳೆಯ ಕ್ಯಾಪ್ಟನ್ ರೇವಣ್ಣ ಪದವಿ ಬಿಟ್ಟಿದ್ದರು. ಈ ಸಲವೂ ಅದೇ ಬೆಟ್ಟಕ್ಕೆ ಸವಾರಿ; ಹೇಮಾ ಎಡವುವುದನ್ನು ನೋಡಲೆಂದೇ ರೇವಣ್ಣ ಬಂದಿದ್ದರು. ಚಂದ್ರಮೌಳಿ ಹೇಮಾಳ ಅಕ್ಕನ ಗಂಡ. ಅವರು ನಿವೃತ್ತರಾದ ದಿನದಿಂದ ಮನೆಯ ಮಿಕ್ಸಿ, ಗ್ರೈಂಡರುಗಳಿಗೆ ನೆಮ್ಮದಿಯಿರಲಿಲ್ಲ.

"ಈ ಬೈಕು ಇಪ್ಪತ್ತು ವರ್ಷ ಇದೇ ರಸ್ತೆಗಳಲ್ಲಿ ಓಡಿದೆ ಹೇಮಾ. ಪೆಟ್ಟಿಗೆ ಅದರ ನೆನಪು ಕೆದಕುತ್ತೆ, ಬೈಕು ತಾನೇ ದಾರಿ ಹಿಡಿದು ಹೋಗುತ್ತೆ. ಸಂಘದ ಉಳಿದ ಎಂಟು ಬೈಕಿಗೂ ಮರಿಪೆಟ್ಟಿಗೆ ಹಾಕಿದೀನಿ. ಮುಂದಿನದು ಮಾಡಿದ್ದನ್ನೇ ಅವೂ ಮಾಡ್ತವೆ. ಒಳಗೆ ಬುಗುರಿ ತಿರುಗ್ತಿರುತ್ತೆ, ಮೇಲೆ ಆಳಿಲ್ದಿದ್ರೂ ಬೀಳಲ್ಲ!"

"ಅಂದ್ರೆ ಕ್ಯಾಪ್ಟನ್ನಿಗೆ ಏನೂ ಕೆಲಸ ಇಲ್ಲ ಅನ್ನಿ" ಎಂದರು ರೇವಣ್ಣ.

"ಮೊದಲು ಯಾರದಿತ್ತು ಭಾವ ಈ ಬೈಕು?"

"ಯಾರೋ ಡಾಕ್ಟ್ರದು. ಈಗ ರಿಟೈರಾಗಿದಾರೆ. ಬಹಳ ನಿಯತ್ತಿನ ಮನುಷ್ಯ!"

ಮೊದಲರ್ಧ ಗಂಟೆ ಸ್ವರ್ಗವೇ. ಹೇಮಾ ಏರಿದ ಆ ಹಳೆಯ ಬೈಕು ಪ್ರತಿ ತಿರುವಿನಲ್ಲೂ ಹದವಾಗಿ ವಾಲಿ, ಗುಂಡಿಗಳನ್ನೆಲ್ಲ ತಾನೇ ತಪ್ಪಿಸಿ ಓಡಿತು. ಹಿಂದೆ ಎಂಟೂ ಹಾಗೆಯೇ ವಾಲುತ್ತ ಬಂದವು. ಹೇಮಾ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಬಂಡೆಗಳನ್ನೂ ಹುಣಸೆಮರಗಳನ್ನೂ ನೋಡುತ್ತ ಕೂತಳು. ಅಷ್ಟರಲ್ಲಿ ಬೈಕು ಬೆಟ್ಟದ ದಾರಿ ಬಿಟ್ಟು ಓಣಿಯೊಂದಕ್ಕೆ ನುಗ್ಗಿತು! ಕೊಟ್ಟಿಗೆಯೊಂದರ ಮುಂದೆ ನಿಂತು ಎರಡು ಸಲ ಹಾರನ್ ಹೊಡೆಯಿತು. ಹಿಂದಿನ ಎಂಟೂ ನಿಂತು ಎರಡೆರಡು ಸಲ ಹೊಡೆದವು.

ಒಳಗಿನಿಂದ ಮುದುಕರೊಬ್ಬರು ಹಸು ಹಿಡಿದುಕೊಂಡು ಓಡಿ ಬಂದರು. "ಹಾರನ್ ಕೇಳಿ ಹಳೇ ದನದ ಡಾಕ್ಟ್ರೇ ಬಂದ್ರು ಅನ್ಕೊಂಡೆ. ನೀವು ಹೊಸಬ್ರಾ ತಾಯಿ? ಇದು ಮೂರ್ ದಿನದಿಂದ ಮೇವು ಮುಟ್ತಿಲ್ಲ."

"ಭಾವ!" ಎಂದು ಹೇಮಾ ಹಿಂದಕ್ಕೆ ತಿರುಗಿ ಕೂಗಿದಳು. "ದನದ ಡಾಕ್ಟ್ರು ಅಂತ ಯಾಕೆ ಹೇಳ್ಲಿಲ್ಲ?"

"ನಂಗೂ ಈಗ್ಲೇ ಗೊತ್ತಾಗ್ತಿರೋದು! ಆದ್ರೆ ನೆನಪು ನೋಡು, ಎಷ್ಟು ಖಚಿತ!"

"ಕಿತ್ತು ಬಿಸಾಕಿ ಆ ಡಬ್ಬಿನ" ಎಂದರು ರೇವಣ್ಣ.

"ಕಿತ್ರೆ ಎಂಜಿನ್ ಬೀಗ ಹಾಕ್ಕೊಳ್ಳುತ್ತೆ. ಕಳ್ಳರ ಕಾಟಕ್ಕೆ ನಾನೇ ಹಾಗೆ ಮಾಡಿದೀನಿ" ಎಂದರು ಚಂದ್ರಮೌಳಿ, ಹೆಮ್ಮೆಯಿಂದಲೇ.

ಡಾಕ್ಟರು ಅಲ್ಲಿ ಎಷ್ಟು ಹೊತ್ತು ನಿಲ್ಲುತ್ತಿದ್ದರೋ ಅಷ್ಟು ಹೊತ್ತು ನಿಂತ ಮೇಲೆಯೇ ಬೈಕು ಹೊರಟಿತು. ಮುಂದಿನ ಮನೆಯಲ್ಲಿ ಎಮ್ಮೆ, ಅದರಾಚೆಯ ಮನೆಯಲ್ಲಿ ಕುಂಟುವ ಜೋಡೆತ್ತು. ಸುದ್ದಿ ಫೋನಿನಲ್ಲಿ ಇವರಿಗಿಂತ ಮೊದಲೇ ಓಡಿತು: ಒಂಬತ್ತು ಜನ ಡಾಕ್ಟರು, ಒಂದೇ ಬಣ್ಣದ ಜಾಕೀಟು, ತಲೆಗೆ ಹೆಲ್ಮೆಟ್ಟು, ಕಾಯಿಲೆ ದೊಡ್ಡದೇ ಇರಬೇಕು! ಜನ ಆಡು, ಕುರಿ, ಕೊನೆಗೆ ಮೊಟ್ಟೆಯಿಡದ ಕೋಳಿಯನ್ನೂ ಹಿಡಿದು ರಸ್ತೆಬದಿಗೆ ನಿಂತರು. ಸಂಘದಲ್ಲಿದ್ದ ಒಬ್ಬನೇ ಡಾಕ್ಟರು ಇರ್ಫಾನ್. ಅವನು ಹಲ್ಲಿನ ಡಾಕ್ಟರು. ಬೇರೆ ದಾರಿ ಕಾಣದೆ ಎಲ್ಲ ದನಗಳ ಹಲ್ಲು ನೋಡಿ "ಚೆನ್ನಾಗಿದೆ" ಎನ್ನುತ್ತ ಬಂದ.

ಗುಡ್ಡದ ತಪ್ಪಲಿನ ಒಂಟಿಮನೆಯ ಮುಂದೆ ಯಾರಿಗೂ ನಗು ಬರಲಿಲ್ಲ. ಕೆಂಪಮ್ಮ ಎಂಬ ಹೆಂಗಸು ಕೊಟ್ಟಿಗೆಯಲ್ಲಿ ಹಸುವಿನ ತಲೆ ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದಳು. ಹಸು ಬೆಳಗಿನಿಂದ ತಿಣುಕುತ್ತಿತ್ತು. ಕರುವಿನ ಒಂದು ಗೊರಸು ಮಾತ್ರ ಹೊರಗೆ ಕಾಣುತ್ತಿತ್ತು.

"ಕಾಪಾಡ್ರವ್ವ, ಮನ್ಯಾಗೆ ಇರಾದು ಇದೊಂದೇ!"

ನಾವು ಡಾಕ್ಟರಲ್ಲ ಎನ್ನಲು ಹೇಮಾಳಿಗೆ ಬಾಯಿ ಬರಲಿಲ್ಲ. "ಭಾವ, ಬೈಕು ಮಾರಿದ ಡಾಕ್ಟ್ರಿಗೆ ಫೋನ್ ಹಚ್ಚಿ. ಇರ್ಫಾನ್, ಕೈ ತೊಳ್ಕೊ."

"ಮೇಡಂ, ನಾನು ಹಲ್ಲು..."

"ಇಲ್ಲಿರೋರಲ್ಲಿ ನಿನ್ನ ಕೈಯೇ ಸಣ್ಣದು. ನಡಿ!"

ಫೋನಿನಲ್ಲಿ ಹಳೆಯ ಡಾಕ್ಟರ ದನಿ ನಿಧಾನವಾಗಿ ಬಂತು. ಒಂದು ಕಾಲು ಒಳಗೆ ಮಡಚಿಕೊಂಡಿರುತ್ತೆ. ಗೊರಸನ್ನು ಅಂಗೈಯಲ್ಲಿ ಮುಚ್ಚಿ ಮುಂದಕ್ಕೆ ತನ್ನಿ. ಹಸು ತಿಣುಕಿದಾಗ ಮಾತ್ರ ಎಳೀರಿ. ಇರ್ಫಾನ್ ಭುಜದವರೆಗೆ ಕೈ ಹಾಕಿ, ಕಣ್ಣು ಮುಚ್ಚಿ ಹುಡುಕಿ ಆ ಕಾಲನ್ನು ಹೊರಗೆ ತಂದ. ಕೆಂಪಮ್ಮ ಕರುವಿನ ಕಾಲುಗಳಿಗೆ ಕಟ್ಟಿದ ಹಗ್ಗವನ್ನು ಹೇಮಾ ಹಿಡಿದಳು. ಹಿಂದೆ ಯಾರೋ ಸೇರಿಕೊಂಡರು. ತಿರುಗಿ ನೋಡಿದರೆ ರೇವಣ್ಣ. ಶಾಲೆಯ ಹಗ್ಗಜಗ್ಗಾಟದಂತೆ ಆಕೆ "ಈಗ... ಬಿಡಿ... ಈಗ!" ಎಂದು ಲೆಕ್ಕ ಕೊಟ್ಟಳು. ಕರು ಜಾರಿ ಹುಲ್ಲಿನ ಮೇಲೆ ಬಿತ್ತು. ಅಲುಗಾಡಲಿಲ್ಲ. ಕೆಂಪಮ್ಮ ಅದರ ಮೂಗಿನ ಲೋಳೆ ತೆಗೆದು ಹುಲ್ಲಿನಿಂದ ಗಸಗಸ ಉಜ್ಜಿದಳು. ಅದು ಸೀನಿತು!

ಹೇಮಾ ಅಲ್ಲೇ ಸಗಣಿಯ ಮೇಲೆ ಕುಸಿದು ಕೂತು ನಕ್ಕಳು. ಕಣ್ಣಲ್ಲಿ ನೀರು. ರೇವಣ್ಣ ತಮ್ಮ ನೀರಿನ ಬಾಟಲಿ ಮುಂದೆ ಚಾಚಿದರು.

ಆಗ ಹೊರಗೆ ಒಂಬತ್ತು ಎಂಜಿನ್ ಒಟ್ಟಿಗೆ ಗುಡುಗಿದವು. ಎಲ್ಲರೂ ಎದ್ದುಬಿದ್ದು ಓಡಿ ಬರುವಷ್ಟರಲ್ಲಿ ಬೈಕುಗಳು ಒಂದರ ಹಿಂದೊಂದು, ಮೇಲೆ ಯಾರೂ ಇಲ್ಲದೆ, ತಿರುವಿನಲ್ಲಿ ಹದವಾಗಿ ವಾಲಿ ಮರೆಯಾದವು.

"ನೋಡಿದ್ರಾ? ಒಂದೂ ಬೀಳ್ಲಿಲ್ಲ!" ಎಂದರು ಚಂದ್ರಮೌಳಿ.

ಕೆಂಪಮ್ಮನ ಮೈದುನ ಟ್ರ್ಯಾಕ್ಟರ್ ತಂದ. ಒಂಬತ್ತೂ ಜನ ಟ್ರೇಲರಿನಲ್ಲಿ ನಿಂತು, ಹೆಲ್ಮೆಟ್ ಕೈಯಲ್ಲಿ ಹಿಡಿದು ಬೈಕುಗಳನ್ನು ಹುಡುಕುತ್ತ ಹೊರಟರು. ಮೂರು ಊರು ದಾಟಿದ ಮೇಲೆ ಕ್ರಾಸಿನ ಸಣ್ಣ ಹೋಟೆಲಿನ ಮುಂದೆ ಅವು ಸಾಲಾಗಿ ನಿಂತಿದ್ದವು. ಹೆರಿಗೆ ಮುಗಿಸಿದ ಮೇಲೆ ಡಾಕ್ಟರು ಅಲ್ಲೇ ನಿಲ್ಲುತ್ತಿದ್ದರಂತೆ. ಪ್ರತಿ ಬೈಕಿನ ಸೀಟಿನ ಮೇಲೂ ಒಂದೊಂದು ಲೋಟ ಕಾಫಿ ಆರುತ್ತಿತ್ತು.

"ಬೈಕಿಗೆ ಯಾಕಮ್ಮ ಕಾಫಿ ಕೊಟ್ರಿ?" ಎಂದು ಹೇಮಾ ಕೇಳಿದಳು.

ಹೋಟೆಲಿನ ಪುಟ್ಟಲಿಂಗಮ್ಮ ಸೌಟು ತೊಳೆಯುತ್ತಲೇ ಹೇಳಿದಳು: "ಬಂದ್ವು, ಹಾರನ್ ಹೊಡುದ್ವು, ಕೊಟ್ಟೆ. ಸಕ್ಕರೆ ಬ್ಯಾಡ ಅಂತ ಯಾವ್ದೂ ಯೋಳ್ಲಿಲ್ಲ."