ಅತ್ತೆ ಓದಿದ ಪ್ರೈವೆಸಿ ಪಾಲಿಸಿ

ಫಾರ್ಮಿನಲ್ಲಿ ಖಾಲಿ ಚೌಕ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯೂ ಇಲ್ಲ, ನಾನು ಬೆಳೆದದ್ದೇ ಹಾಗೆ. ಮೈಸೂರಿನಲ್ಲಿ ರೇಷನ್ ಕಾರ್ಡಿನ ಅರ್ಜಿಯಲ್ಲಿ ಒಂದು ಚೌಕ ಬಿಟ್ಟುಹೋದರೂ ಗುಮಾಸ್ತರು ಅದನ್ನು ಕಿಟಕಿಯಾಚೆ ತಳ್ಳಿ, "ತುಂಬ್ಕೊಂಡು ನಾಳೆ ಬನ್ನಿ" ಎನ್ನುತ್ತಿದ್ದರು. ಆ ಭಯ ಸಮುದ್ರ ದಾಟಿದ ಮೇಲೂ ಹೋಗಲಿಲ್ಲ. ಇಲ್ಲಿನ ವೆಬ್‌ಸೈಟುಗಳು ಪಕ್ಕದಲ್ಲೇ "ಇಷ್ಟವಿದ್ದರೆ ತುಂಬಿ" ಎಂದು ಬರೆದಿದ್ದರೂ ನನಗದು ಬರೀ ಉಪಚಾರದ ಮಾತಿನಂತೆ ಕಾಣುತ್ತಿತ್ತು. ಮದುವೆ ಪಂಕ್ತಿಯಲ್ಲಿ "ಸಾಕು" ಎಂದವರನ್ನು ಯಾರಾದರೂ ನಂಬುತ್ತಾರೆಯೇ?

ಅದು ಡಾಟ್‌ಕಾಂ ಕಾಲ. ನಾಯಿ ಬಿಸ್ಕತ್ತು ಮಾರುವವನೂ ಒಂದು ವೆಬ್‌ಸೈಟು ತೆರೆದು ಮೆನ್ಲೋ ಪಾರ್ಕಿನಂಥ ದುಬಾರಿ ಊರಿನಲ್ಲಿ ಆಫೀಸು ಹಿಡಿಯುತ್ತಿದ್ದ. ನಾನಿದ್ದ ಕಂಪನಿ ಮನೆಬಾಗಿಲಿಗೆ ತರಕಾರಿ ತಲುಪಿಸುತ್ತಿತ್ತು. ಅದರ ವೆಬ್‌ಸೈಟಿನ ಪುಟಗಳನ್ನು ಜೋಡಿಸುವುದು ನನ್ನ ಕೆಲಸ. ಆಫೀಸಿನ ಹತ್ತಿರದಲ್ಲೆಲ್ಲೂ ಮನೆ ಕೈಗೆಟುಕದೆ ನಾನೂ ಹೆಂಡತಿ ಸುಮಾಳೂ ಗಿಲ್‌ರಾಯ್‌ನಲ್ಲಿ ಮನೆ ಕೊಂಡೆವು. ಸುತ್ತೆಲ್ಲ ಬೆಳ್ಳುಳ್ಳಿ ಹೊಲ, ಗಾಳಿ ಬೀಸಿದರೆ ಇಡೀ ಊರು ಒಗ್ಗರಣೆಯ ಘಮ. ಗೃಹಪ್ರವೇಶಕ್ಕೆ ಜನ ಅಷ್ಟು ದೂರ ಬರಬೇಕಾದರೆ ಕರೆಯೋಲೆಯೂ ಜೋರಾಗಿರಲಿ ಎಂದು, ಪುಕ್ಕಟೆ ಆಮಂತ್ರಣ ಕಳಿಸುವ ವೆಬ್‌ಸೈಟೊಂದರಲ್ಲಿ ನಲವತ್ತೆರಡು ಮನೆಗಳ ವಿವರ ತುಂಬಿದೆ. ಹೆಸರು, ವಿಳಾಸ, ಫೋನು, ಮಕ್ಕಳ ವಯಸ್ಸು. "ಬೇರೆ ಹೆಸರಿದ್ದರೆ" ಎಂಬ ಚೌಕವೂ ಇತ್ತು. ಇತ್ತಲ್ಲ, ತುಂಬಿದೆ. ನಮ್ಮ ಬಳಗದಲ್ಲಿ ಶ್ರೀನಿವಾಸರೇ ಐದು ಮಂದಿ. ಗುರುತಿಗಿರಲಿ ಎಂದು, ಅವರವರ ಊರು, ಕೆಲಸ, ಗುಣ ನೋಡಿ ಬೆನ್ನ ಹಿಂದೆ ನಾವು ಬಳಸುವ ಹೆಸರುಗಳನ್ನೇ ಹಾಕಿದೆ: ಸರಟೋಗಾ ಶ್ರೀನಿವಾಸ, ಡಾಕ್ಟರ್ ಶ್ರೀನಿವಾಸ, ಜಿಪುಣ ಶ್ರೀನಿವಾಸ. ಕೊನೆಯಲ್ಲಿ "ಪ್ರೈವೆಸಿ ಪಾಲಿಸಿ ಓದಿ ಒಪ್ಪಿದ್ದೇನೆ" ಎಂದಿತ್ತು. ಓದದೆ ಒಪ್ಪಿದೆ.

ಜಿಪುಣ ಶ್ರೀನಿವಾಸ ನಿಜಕ್ಕೂ ಜಿಪುಣನಲ್ಲ. ಒಂದೇ ಟೀ ಬ್ಯಾಗನ್ನು ಎರಡು ಸಲ ಅದ್ದುತ್ತಾನೆ, ಅಷ್ಟೆ. ನಾನು ಈ ದೇಶಕ್ಕೆ ಬಂದಿಳಿದಾಗ ಮೂರು ತಿಂಗಳು ತನ್ನ ಅಪಾರ್ಟ್‌ಮೆಂಟಿನಲ್ಲಿ ಇಟ್ಟುಕೊಂಡು ಅನ್ನ ಹಾಕಿದವನು ಅವನು. ಆಮಂತ್ರಣ ಹೋದ ವಾರಕ್ಕೆ ಅವನ ಫೋನು ಬಂತು.

"ಲೋ, ಊಟಕ್ಕೆ ಕೂತಿದ್ದೆ. ಕಾರ್ಪೆಟ್ ಕ್ಲೀನ್ ಮಾಡ್ತೀವಿ ಅಂತ ಯಾವಳೋ ಫೋನ್ ಮಾಡಿ 'ಮಿಸ್ಟರ್ ಜಿಪೂನಾ ಇದಾರಾ' ಅಂತಾಳೆ. ಸ್ಪೀಕರ್ ಬೇರೆ ಆನ್ ಇತ್ತು. ನನ್ ಮಗಳು 'ಡ್ಯಾಡಿ, ವಾಟ್ ಈಸ್ ಜಿಪೂನಾ?' ಅಂತ ಕೇಳ್ತಿದಾಳೆ. ನಿನ್ ಇನ್ವಿಟೇಷನ್ನಲ್ಲೂ ಅದೇ ಹೆಸರು ಇತ್ತು ಕಣೋ. ನಿನ್ನ ಗೃಹಪ್ರವೇಶ ನೀನೇ ಮಾಡ್ಕೋ."

ಫೋನು ಇಟ್ಟುಬಿಟ್ಟ. ಅವನಿಲ್ಲದೆ ಹಾಲುಕ್ಕಿಸಿ ನಾನು ಯಾವ ಸುಖ ಪಡಬೇಕಿತ್ತು? ಅಷ್ಟರಲ್ಲಿ ಉಳಿದವರ ಫೋನುಗಳೂ ಶುರುವಾದವು. ಎಲ್ಲರ ಮನೆಗೂ ಸರಿಯಾಗಿ ಊಟದ ಹೊತ್ತಿಗೆ ಕಾರ್ಪೆಟ್ಟಿನವರು, ಕಿಟಕಿಯವರು, ದೂರದ ಕರೆಯ ಪ್ಲಾನಿನವರು ಲಗ್ಗೆ ಇಟ್ಟಿದ್ದರು. ಆ ವೆಬ್‌ಸೈಟಿನಲ್ಲಿ ಏನನ್ನೋ ಓದದೆ ಒಪ್ಪಿಕೊಂಡೆ ಎಂದು ಸುಮಾಳ ಮುಂದೆ ತಪ್ಪೊಪ್ಪಿಕೊಂಡೆ.

ಗೃಹಪ್ರವೇಶಕ್ಕೆಂದು ಬಂದಿದ್ದ ನಮ್ಮ ಅತ್ತೆ, ಸುಮಾಳ ತಾಯಿ, ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಮಂಡ್ಯದ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಔಷಧದ ಡಬ್ಬಿಯ ಮೇಲಿನ ಸಣ್ಣಕ್ಷರವನ್ನೂ ಕ್ರಯಪತ್ರದಂತೆ ಕೊನೆಯವರೆಗೆ ಓದುತ್ತಾರೆ.

"ಅದೇನೋ ಒಪ್ಕೊಂಡೆ ಅಂದ್ರಲ್ಲ, ಅದನ್ನ ಪ್ರಿಂಟ್ ತೆಗೀರಿ ಅಳಿಯಂದಿರೇ" ಎಂದರು.

ಒಂಬತ್ತು ಹಾಳೆ ಬಂತು. ಅತ್ತೆ ಪೆನ್ಸಿಲ್ ಹಿಡಿದು ಊಟದ ಮೇಜಿಗೆ ಕೂತರು. ನಾನು ಎದುರಿಗೆ ಆರೋಪಿಯಂತೆ ನಿಂತೆ.

"'ನಮ್ಮ ಆಯ್ದ ಪಾಲುದಾರರಿಗೆ ಮಾಹಿತಿ ಕೊಡಬಹುದು.' ಯಾರಿವರು ಪಾಲುದಾರರು? ಹೆಸರಿಲ್ಲ, ತಂದೆ ಹೆಸರಿಲ್ಲ, ವಾಸ ಎಲ್ಲಿ ಅಂತಿಲ್ಲ. ನಾಲ್ಕು ದಿಕ್ಕಿನ ಚೆಕ್ಕುಬಂದಿನೇ ಹಾಕದೆ ಜಮೀನು ಬರ್ಕೊಟ್ಟ ಹಾಗಾಯ್ತು. 'ಕಂಪನಿ ಮಾರಾಟವಾದರೆ ನಿಮ್ಮ ಮಾಹಿತಿಯೂ ಜೊತೆಗೆ ಹೋಗುತ್ತದೆ.' ಮನೆ ಮಾರೋವಾಗ ಬಾಡಿಗೆಯವರ ಪಾತ್ರೆ ಪಡಗಾನೂ ಸೇರಿಸಿ ಮಾರ್ತಾರಾ ಯಾರಾದ್ರೂ? 'ಈ ನಿಯಮಗಳನ್ನು ಯಾವಾಗ ಬೇಕಾದರೂ ಬದಲಿಸಬಹುದು.' ಸರಿ ಹೋಯ್ತು!"

ನಾನು ಮೆಲ್ಲಗೆ, "ಅದರ ಹೆಸರೇ ಪ್ರೈವೆಸಿ ಪಾಲಿಸಿ ಅಲ್ವಾ, ಗುಟ್ಟು ಕಾಪಾಡ್ತಾರೆ ಅಂದ್ಕೊಂಡೆ" ಎಂದೆ.

"ಕಾಪಾಡ್ತೀವಿ ಅಂತ ಎಲ್ಲಿ ಬರ್ದಿದಾರೆ? ಏನೇನು ಮಾಡ್ತೀವಿ ಅಂತ ಬರ್ದಿದಾರೆ. ಪತ್ರದ ಹೆಸರು ನೋಡಿ ಸಹಿ ಹಾಕ್ತಾರೇನ್ರೀ? ಏನು ತಗೋತಾರೆ, ಯಾರಿಗೆ ಕೊಡ್ತಾರೆ, ಬೇಡ ಅಂದ್ರೆ ಹೇಗೆ ಬಿಡಿಸ್ಕೋಬೇಕು, ಇಷ್ಟು ನೋಡ್ಬೇಕು. ಅಲ್ದೆ, ನಿಮ್ಮದು ಕೊಟ್ರೆ ನಿಮ್ಮಿಷ್ಟ. ಊರೋರದೆಲ್ಲ ಕೊಡೋಕೆ ನಿಮಗೆ ಅಧಿಕಾರ ಪತ್ರ ಯಾರು ಬರ್ಕೊಟ್ಟಿದ್ರು?"

ಈ ಕೊನೆಯ ಮಾತು ನನಗೆ ಸರಿಯಾಗಿ ನಾಟಿತು. ಆದರೆ ಬಿಡಿಸಿಕೊಳ್ಳುವ ದಾರಿಯೂ ಎಂಟನೆಯ ಹಾಳೆಯಲ್ಲಿ ಅತ್ತೆಗೇ ಸಿಕ್ಕಿತು: ಬರೆದು ಕೇಳಿದರೆ ಹೆಸರು ಅಳಿಸುತ್ತಾರಂತೆ. ಅತ್ತೆ ಹೇಳಿದರು, ನಾನು ಬರೆದೆ. ಎರಡು ವಾರದಲ್ಲಿ ಅಳಿಸಿದ್ದೇವೆ ಎಂದು ಉತ್ತರವೂ ಬಂತು. ಈಗಾಗಲೇ ಕೊಟ್ಟವರ ಕೈಯಿಂದ ವಾಪಸು ಬರುವುದಿಲ್ಲವಂತೆ. ಹಾಗಾಗಿ ಫೋನು ಮಾಡಿದವರಿಗೆ "ನಿಮ್ಮ ಪಟ್ಟಿಯಿಂದ ತೆಗೆಯಿರಿ" ಎಂದು ಹೇಗೆ ಹೇಳಬೇಕೆಂಬುದನ್ನು ನಾನೇ ನಲವತ್ತೆರಡು ಮನೆಗೂ ಕರೆ ಮಾಡಿ ತಿಳಿಸಬೇಕಾಯಿತು, ಕ್ಷಮಾಪಣೆ ಮತ್ತು ಅತ್ತೆ ಪಾಲಿಸಿ ಓದಿದ ಕಥೆ ಸಮೇತ. ಅರ್ಧ ಜನ ನನ್ನನ್ನೂ ಕಾರ್ಪೆಟ್ಟಿನವನೆಂದು ಬೈದರು. ಬೈದವರೂ ಆಮೇಲೆ ನಕ್ಕು, ಬರುತ್ತೇವೆ ಎಂದರು. ಶ್ರೀನಿವಾಸ ಮಾತ್ರ ಪೂರ್ತಿ ಕೇಳಿ, "ಹೂಂ" ಎಂದು ಇಟ್ಟ.

ಗೃಹಪ್ರವೇಶದ ದಿನ ನನ್ನ ಕಣ್ಣೆಲ್ಲ ಬಾಗಿಲ ಮೇಲೆಯೇ. ಪೂಜೆ ಮುಗಿಯುವ ಹೊತ್ತಿಗೆ ಹೆಂಡತಿ ಮಗಳೊಡನೆ ಶ್ರೀನಿವಾಸ ಬಂದ. ನನ್ನ ಬೆನ್ನಿಗೆ ಒಂದು ಗುದ್ದು ಗುದ್ದಿ, "ಜಿಪುಣ ಬಂದಿದಾನೆ, ಎರಡು ಹೋಳಿಗೆ ಜಾಸ್ತಿ ಹಾಕ್ಸು" ಎಂದ. ನನ್ನ ಕಣ್ಣು ಒದ್ದೆಯಾಯಿತು, ಹೋಮದ ಹೊಗೆ ಇದ್ದದ್ದು ಅನುಕೂಲವಾಯಿತು. ಊಟವಾದ ಮೇಲೆ ಅವನು ಜೇಬಿನಿಂದ ಮಡಿಸಿದ ಹಾಳೆಗಳನ್ನು ತೆಗೆದು ಅತ್ತೆಯ ಮುಂದಿಟ್ಟ. "ಅಮ್ಮಾ, ನಾವು ತರಕಾರಿ ತರ್ಸೋ ವೆಬ್‌ಸೈಟಿಂದು. ಇದನ್ನೂ ಸ್ವಲ್ಪ ನೋಡ್ಬಿಡಿ."

ಅತ್ತೆ ಎಲ್ಲರೆದುರಿಗೂ ಓದಿದರು. ಎರಡನೆಯ ಹಾಳೆಯಲ್ಲಿ ಪೆನ್ಸಿಲ್ ನಿಂತಿತು. "ಮೇಲೆ ತರಕಾರಿ ಕಂಪನಿ ಹೆಸರಿದೆ, ಇಲ್ಲಿ 'ನಮ್ಮ ಶೂಗಳನ್ನು ಕೊಂಡಾಗ' ಅಂತಿದೆ. ಯಾವನೋ ಪುಣ್ಯಾತ್ಮ ಓದ್ದೇನೇ ಚಪ್ಪಲಿ ಅಂಗಡಿಯವರದ್ದು ನಕಲು ಹೊಡ್ದಿದಾನೆ."

ಆ ಪುಣ್ಯಾತ್ಮ ಪಾಯಸದ ಪಾತ್ರೆ ಹಿಡಿದು ಅಡುಗೆಮನೆಗೆ ಹೋಗುತ್ತಿದ್ದ. ಶ್ರೀನಿವಾಸ ಅಡ್ಡ ನಿಂತು, "ಇದು ನಿನ್ ಕಂಪನೀದೇ ಅಲ್ವೇನೋ?" ಎಂದ. ಒಪ್ಪಿಕೊಂಡೆ. ಇಡೀ ಮನೆ ನಕ್ಕಿತು.

ಸೋಮವಾರ ಆಫೀಸಿನಲ್ಲಿ ಬಾಸಿನ ಹತ್ತಿರ ಜಗಳವಾಡಿ ಆ ಪುಟವನ್ನು ಹೊಸದಾಗಿ ಬರೆದೆ. ಏನು ತೆಗೆದುಕೊಳ್ಳುತ್ತೇವೆ, ಯಾರಿಗೆ ಕೊಡುತ್ತೇವೆ, ಬೇಡವಾದರೆ ಯಾರನ್ನು ಕೇಳಬೇಕು, ಎಲ್ಲವೂ ಒಂದೇ ಪುಟದಲ್ಲಿ, ಅತ್ತೆಗೆ ಅರ್ಥವಾಗುವ ಹಾಗೆ. ಸಂಜೆ ಪ್ರಿಂಟು ತಂದು ಕೊಟ್ಟೆ. ಅತ್ತೆ ಎರಡು ಸಲ ಓದಿ, "ಪರವಾಗಿಲ್ಲ, ಇದನ್ನ ರಿಜಿಸ್ಟರ್ ಮಾಡ್ಬಹುದು" ಎಂದರು. ನಾನು ಉಬ್ಬಿಹೋದೆ.

ಅತ್ತೆ ಕನ್ನಡಕ ತೆಗೆದು ನನ್ನನ್ನೇ ನೋಡುತ್ತಾ, "ಇದು ಯಾವ ಅಂಗಡೀದು?" ಎಂದು ಕೇಳಿದರು.