ನೀಲಿ ಬೋಗುಣಿ ಮಬ್ಬಾದ ಬಗ್ಗೆ ಪಾತ್ರೆ ತೊಳೆಯುವ ಯಂತ್ರಕ್ಕೆ

ನಮ್ಮ ಅಡುಗೆಮನೆಯ ಸಿಂಕಿನ ಎಡಬದಿಯಲ್ಲಿ ಬಿಜಯಂಗೈದಿರುವ ಪಾತ್ರೆ ತೊಳೆಯುವ ಯಂತ್ರದ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಮೂರು ಗುಂಡಿಗಳೂ, ಎರಡು ಜಾಲರಿಗಳೂ, ಆಗಾಗ ಸೋರುವ ಆ ಒಂದು ಕೊಳವೆಯೂ ಕ್ಷೇಮವೆಂದು ನಂಬಿ, ಮೂವತ್ತನಾಲ್ಕು ವರ್ಷಗಳಿಂದ ಕನ್ನಡಕದ ಅಂಗಡಿ ನಡೆಸುತ್ತಿರುವ ನಾನು ತಮ್ಮ ಅಮೂಲ್ಯ ಸಮಯವನ್ನು ತುಸು ಬೇಡುತ್ತಿದ್ದೇನೆ.

ತಮಗೆ ತಿಳಿದಿರುವಂತೆ, ತಿಳಿಯದಿದ್ದರೆ ತಿಳಿಯಲೇಬೇಕಾದಂತೆ, ನಮ್ಮ ಹಜಾರದ ಕಪಾಟಿನಲ್ಲಿ ಸ್ವೀಡನ್, ಫಿನ್ಲೆಂಡ್, ಡೆನ್ಮಾರ್ಕ್ ದೇಶಗಳ ಕುಶಲಕರ್ಮಿಗಳು ಎಪ್ಪತ್ತು ವರ್ಷಗಳ ಹಿಂದೆ ಬಾಯಿಂದ ಊದಿ ಮಾಡಿದ ಹನ್ನೆರಡು ಗಾಜಿನ ವಸ್ತುಗಳಿವೆ. ಬೆರಳು ದಪ್ಪದ ತಿಳಿಗಾಜಿನೊಳಗೆ ಬಣ್ಣವನ್ನು ಮುಳುಗಿಸಿ, ಅದರ ನಡುವೆ ಒಂದು ಗಾಳಿಗುಳ್ಳೆಯನ್ನು ಸೆರೆಹಿಡಿದು, ತಳದಲ್ಲಿ ಸೂಜಿಮೊನೆಯಿಂದ ಸಹಿ ಗೀಚಿದ ಇವನ್ನು ಹಳೆ ಸಾಮಾನಿನ ಅಂಗಡಿಗಳ ಧೂಳು ಕುಡಿದು ಒಂದೊಂದಾಗಿ ತಂದವನು ನಾನು. ನೀರಿನ ಕಲೆ ಕೂರುತ್ತದೆಂದು ಹೂದಾನಿಗೆ ಹೂವನ್ನಾಗಲಿ, ಗೀರು ಬೀಳುತ್ತದೆಂದು ಬೋಗುಣಿಗೆ ಹಣ್ಣನ್ನಾಗಲಿ ಇಂದಿಗೂ ತೋರಿಸಿಲ್ಲ. "ಹೂವಿಲ್ಲ, ಹಣ್ಣಿಲ್ಲ, ಇವೇನು ಉಪವಾಸಕ್ಕೆ ಕೂತಿವೆಯೇನ್ರೀ?" ಎಂದು ನನ್ನ ಹೆಂಡತಿ ಕೇಳುತ್ತಾಳೆ.

ಎರಡು ತಿಂಗಳ ಹಿಂದೆ, ಒಂದು ಭಾನುವಾರ ಬೆಳಿಗ್ಗೆ, ಧೂಳು ಒರೆಸುತ್ತ ನೀಲಿ ಬೋಗುಣಿಯನ್ನು ಕಿಟಕಿಗೆ ಹಿಡಿದರೆ ಒಳಗಿನ ಗುಳ್ಳೆ ಕಾಣಲಿಲ್ಲ. ಗಾಜಿನ ತುಂಬ ಹಬೆ ಕೂತಂತಿತ್ತು. ತಮ್ಮ ಬಿಸಿನೀರೂ ಸೋಪಿನ ಪುಡಿಯೂ ಸೇರಿ ಗಾಜನ್ನು ಕಚ್ಚಿದರೆ ಆ ಮಬ್ಬು ಮತ್ತೆ ಹೋಗುವುದಿಲ್ಲ ಎಂಬುದು ಗಾಜು ಬಲ್ಲವರಿಗೆಲ್ಲ ಗೊತ್ತು. ಇದಕ್ಕೇನು ಮಾಡಿದೆಯೆಂದು ಹೆಂಡತಿಯನ್ನು ಕೂಗಿದೆ. ಅವಳು ಬಂದು, ಬೋಗುಣಿಯನ್ನೂ ನನ್ನನ್ನೂ ಸ್ವಲ್ಪ ಹೊತ್ತು ನೋಡಿ, "ಮೆಷಿನ್‌ಗೆ ಹಾಕ್ಬಿಟ್ಟೆ ಕಣ್ರೀ, ತಪ್ಪಾಯ್ತು" ಎಂದಳು. ಹನ್ನೊಂದು ದಿನ ಅವಳೊಡನೆ ಮಾತು ಬಿಟ್ಟೆ. ತಮ್ಮೊಡನೆ ಮೊದಲಿಂದಲೂ ಮಾತಿಲ್ಲವಾದ್ದರಿಂದ ಬೇರೆ ದಾರಿ ಕಾಣದೆ, ಹಾದುಹೋಗುವಾಗ ಒಂದೆರಡು ಸಲ ಒದ್ದೆ.

ಆಮೇಲಿನ ತಮ್ಮ ಸಾಧನೆಯನ್ನಂತೂ ಕೊಂಡಾಡಲೇಬೇಕು. ಕಪಾಟಿಗೆ ಬೀಗ ಹಾಕಿ ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡರೂ, ತಾವು ನಿಂತಲ್ಲಿಂದ ಕದಲದೆ, ಎರಡು ಗೋಡೆಗಳಾಚೆಯಿಂದಲೇ ಮೊದಲು ಹಸಿರು ಹೂದಾನಿಯನ್ನೂ, ಬಳಿಕ ಹೊಗೆಬಣ್ಣದ ಜೋಡಿಯನ್ನೂ, ಕೊನೆಗೆ ಹನ್ನೆರಡನ್ನೂ ಮಬ್ಬಾಗಿಸಿದಿರಿ. ಅಷ್ಟಕ್ಕೇ ತೃಪ್ತರಾಗದೆ ಬೀದಿಗಿಳಿದು ಬಸ್ಸುಗಳ ಹಣೆಯ ಮೇಲಿನ ಅಂಕಿಗಳನ್ನು ಅಳಿಸಿದಿರಿ. ಕಳೆದ ವಾರ ಗಿರಾಕಿಯೊಬ್ಬರು "ಈ ಲೆನ್ಸಲ್ಲಿ ಗೀರಿದೆಯಲ್ಲ ಸ್ವಾಮಿ" ಎಂದು ಬೆರಳಿಟ್ಟು ತೋರಿಸಿದರೂ ನನಗೊಬ್ಬನಿಗೆ ಅದು ಕಾಣದ ಹಾಗೆ ಮಾಡಿದಿರಿ. ಇಷ್ಟು ದೂರ ಕೈಚಾಚುವ ಯಂತ್ರವನ್ನು ಬರೀ ತಟ್ಟೆ ತೊಳೆಯಲು ಇಟ್ಟುಕೊಂಡ ನಮ್ಮ ದಡ್ಡತನಕ್ಕೆ ಏನೆನ್ನಲಿ!

ಇದನ್ನೆಲ್ಲ ಕೇಳಿದ ಹೆಂಡತಿ ಅಂಗಡಿಗೇ ಬಂದು "ಒಂದ್ಸಲ ನಿಮ್ಮ ಕಣ್ಣು ಪರೀಕ್ಷೆ ಮಾಡ್ಕೊಳ್ರಿ" ಎಂದಳು. ನಾನು ಕುರ್ಚಿಯಲ್ಲಿ ಕೂತು, ಎದುರು ಗೋಡೆಯ ಅಕ್ಷರಪಟದ ಕಟ್ಟಕಡೆಯ ಸಾಲನ್ನು ಒಂದಿಷ್ಟೂ ತಡವರಿಸದೆ ಓದಿ ಗೆದ್ದವನಂತೆ ಎದ್ದೆ. ಅವಳು ಹಿಂದಿನ ದಿನವೇ ಆ ಪಟವನ್ನು ತೆಗೆಸಿ ಬೇರೆ ಪಟ ಹಾಕಿಸಿದ್ದಳಂತೆ. ನಾನು ಓದಿದ್ದು, ಗಿರಾಕಿಗಳಿಂದ ಓದಿಸಿ ಓದಿಸಿ ನನಗೆ ಬಾಯಿಪಾಠವಾಗಿದ್ದ ಹಳೆಯ ಪಟ.

ಎರಡೂ ಕಣ್ಣಿನ ಪೊರೆ ಬಲಿತಿದೆ ಎನ್ನುತ್ತಾರೆ ಡಾಕ್ಟರು. "ಹತ್ತು ನಿಮಿಷದ ಕೆಲಸ, ಇರುವೆ ಕಚ್ಚಿದಷ್ಟೂ ನೋವಾಗಲ್ಲ" ಎಂದು ನೂರಾರು ಜನರನ್ನು ಆ ಡಾಕ್ಟರ ಬಳಿಗೆ ಕಳಿಸಿದವನು ನಾನೇ. ಈಗ ಆ ಇರುವೆಯ ನೆನಪಾದರೆ ಆ ಡಾಕ್ಟರ ಬೀದಿಯನ್ನೇ ತಪ್ಪಿಸಿ ನಡೆಯುತ್ತೇನೆ. ಏನಾದರೂ ಹೆಚ್ಚುಕಮ್ಮಿಯಾಗಿ ಆ ನೀಲಿಯನ್ನು ಮತ್ತೆಂದೂ ಕಾಣದೇ ಹೋದರೆ ಎಂದು ನನಗೆ ನಿಜಕ್ಕೂ ಭಯವಾಗಿದೆ.

ಆದಕಾರಣ ತಮ್ಮಲ್ಲಿ ನನ್ನ ನಮ್ರ ವಿನಂತಿಯೇನೆಂದರೆ, ಹನ್ನೆರಡು ಗಾಜುಗಳನ್ನೂ ಕೆಡಿಸಿದ್ದು ತಾವೇ ಎಂದು ದಯಮಾಡಿ ಲಿಖಿತವಾಗಿ ಒಪ್ಪಿಕೊಳ್ಳಬೇಕು. ಸಹಿ ಹಾಕಲು ಬಾರದಿದ್ದರೆ ಬಾಗಿಲಿನ ರಬ್ಬರನ್ನು ಕಾಗದಕ್ಕೆ ಒತ್ತಿದರೂ ನಡೆಯುತ್ತದೆ. ಬಸ್ಸಿನ ಅಂಕಿಗಳ ಹೊಣೆಯನ್ನೂ ಹೊತ್ತುಕೊಂಡರೆ ಗುರುವಾರಕ್ಕೆ ಗೊತ್ತುಮಾಡಿರುವ ಕಣ್ಣಿನ ಶಸ್ತ್ರಚಿಕಿತ್ಸೆಯನ್ನು ನಿಲ್ಲಿಸಬಹುದು. ಅಪರಾಧಿಯಾಗಿ ತಾವು ಕಳೆದುಕೊಳ್ಳುವುದು ಏನೂ ಇಲ್ಲ.

ತಮ್ಮ ತಪ್ಪೊಪ್ಪಿಗೆಯೊಂದನ್ನೇ ನೆಚ್ಚಿಕೊಂಡಿರುವ
ತಮ್ಮ ವಿಶ್ವಾಸಿ,
ಕನ್ನಡಕದ ಅಂಗಡಿಯವ

ತಾ.ಕ.: ನಾನು ಬರೆದದ್ದು ನನಗೇ ಕಾಣದೆ ಈ ಪತ್ರವನ್ನು ತಿದ್ದಲು ಹೆಂಡತಿಗೇ ಕೊಡಬೇಕಾಯಿತು. ಅವಳು ಅರ್ಧದಲ್ಲಿ ನಿಲ್ಲಿಸಿ, ಆ ಬೋಗುಣಿ ತಮ್ಮೊಳಗೆ ಒಂದು ದಿನವೂ ಬಂದಿರಲಿಲ್ಲವೆಂದೂ, ಆ ಭಾನುವಾರ ಗಾಜು ತನಗೆ ತಿಳಿಯಾಗಿಯೇ ಕಂಡಿತ್ತೆಂದೂ ಹೇಳಿದಳು. "ಕಣ್ಣಿನ ದೋಷ ಅಂದಿದ್ರೆ ಅವತ್ತೇ ಕುಸಿದು ಕೂರ್ತಿದ್ರಿ, ಅದಕ್ಕೇ ನನ್ನ ಮೇಲೆ ಹಾಕ್ಕೊಂಡೆ" ಎಂದಳು. ಮಾಡದ ತಪ್ಪಿಗೆ ಎರಡು ತಿಂಗಳು ಹೊಣೆ ಹೊತ್ತು ತುಟಿಪಿಟಕ್ ಎನ್ನದಿರುವುದನ್ನು ತಾವು, ಅವಳು ಇಬ್ಬರಲ್ಲಿ ಯಾರು ಯಾರಿಂದ ಕಲಿತಿರೋ ಕಾಣೆ. ಗುರುವಾರ ಆಸ್ಪತ್ರೆಗೆ ಹೋಗುತ್ತಿದ್ದೇನೆ. ಕ್ಷಮೆ ಕೇಳಬೇಕಾದವಳಲ್ಲಿ ಕೇಳಿದ್ದೂ ಆಗಿದೆ. "ಪಟ್ಟಿ ಬಿಚ್ಚಿದಾಗ ಮೊದ್ಲು ನನ್ನ ಮುಖ ನೋಡ್ಬೇಕು, ಗಾಜಲ್ಲ" ಎಂಬುದು ಅವಳ ಷರತ್ತು. ಒಪ್ಪಿದ್ದೇನೆ, ತಮ್ಮ ಮುಖ ನೋಡಲು ಅವಸರವಿಲ್ಲ.