ಹತ್ತು ಎಣಿಸುವುದರೊಳಗೆ

"ಇವತ್ತು ಮಧ್ಯಾಹ್ನದ ಊಟದ ಹೊತ್ತಿನೊಳಗೆ ನಾನು ಚಾಂಪಿಯನ್ ಆಗದಿದ್ರೆ ಈ ಮೀಸೆ ಬೋಳಿಸ್ತೀನಿ!"

ಭಾನುವಾರ ಬೆಳಿಗ್ಗೆ, ಕಿಟಕಿ ಪಕ್ಕದ ತಮ್ಮ ಆರಾಮಕುರ್ಚಿಯಲ್ಲಿ ಕಾಲು ಚಾಚಿ, ಮೇಷ್ಟ್ರು ಇಡೀ ಮನೆಗೆ ಕೇಳುವಂತೆ ಗುಡುಗಿದರು. ಮೇಷ್ಟ್ರೆಂದರೆ ಅಂತಿಂಥ ಮೇಷ್ಟ್ರಲ್ಲ. ನಲವತ್ತು ಜನ ಶಿಕ್ಷಕರಿಗೆ ಟೈಮ್‌ಟೇಬಲ್ ಹಾಕುವ ಮಹಾನುಭಾವರು! ಯಾರಿಗೆ ಬಿಡುವು, ಯಾರಿಗೆ ಕೊನೆಯ ಪಿರಿಯಡ್ ಎಂಬುದೆಲ್ಲ ಇವರ ಪೆನ್ಸಿಲ್ಲಿನ ತುದಿಯಲ್ಲಿ. ಅಂಥವರ ಕೈಗೆ ಫೋನಿನಲ್ಲೊಂದು ಆಟ ಸಿಕ್ಕಿತ್ತು. ಅದರಲ್ಲಿ ಚೆಂಡಿಲ್ಲ, ಕಾಯಿಲ್ಲ, ಇರುವುದು ಬರೀ ನಿಯಮ. ಆಡುವವರು ಹನ್ನೆರಡು ಜನ. ಸರದಿ ಬಂದವರು ಹೊಸ ನಿಯಮವೊಂದನ್ನು ಮುಂದಿಡಬೇಕು, ಉಳಿದವರು ಮತ ಹಾಕಬೇಕು. ಏಳು ಜನ ಹೌದು ಎಂದರೆ ಅದು ಕಾನೂನು, ತಂದವರಿಗೆ ಹತ್ತು ಅಂಕ. ನೂರು ಮುಟ್ಟಿದವರೇ ಚಾಂಪಿಯನ್.

ಆದರೆ ಮತ ಹಾಕಲು ಏಳು ಜನ ಒಟ್ಟಿಗೆ ಸಿಕ್ಕಿದರೆ ತಾನೆ? ಒಬ್ಬರು ಸ್ನಾನಕ್ಕೆ, ಒಬ್ಬರು ನಿದ್ದೆಗೆ! ಮೇಷ್ಟ್ರು ತಲೆ ಓಡಿಸಿ ಹೇಗೋ ಏಳು ಜನರನ್ನು ಕಾಡಿ ಬೇಡಿ ಒಂದು ನಿಯಮ ಪಾಸು ಮಾಡಿಸಿದರು. ಹತ್ತು ನಿಮಿಷದೊಳಗೆ ಉತ್ತರ ಕೊಡದವರು ಹೌದು ಎಂದಂತೆಯೇ ಲೆಕ್ಕ! ಆಮೇಲೆ ಅವರು ಮಾಡಿದ್ದು ತಮಗೆ ಗೊತ್ತಿದ್ದ ಒಂದೇ ಕೆಲಸ. ಹನ್ನೊಂದು ಎದುರಾಳಿಗಳಿಗೂ ಟೈಮ್‌ಟೇಬಲ್ ಹಾಕಿದರು. 'ಒಂಟಿಸಲಗ' ಎಂದು ಹೆಸರಿಟ್ಟುಕೊಂಡವರು ಭಾನುವಾರ ಮಧ್ಯಾಹ್ನದವರೆಗೂ ನಿದ್ದೆ, 'ಬಿರುಗಾಳಿ' ಎಂಬುವರು ಹನ್ನೆರಡಕ್ಕೆ ಸ್ನಾನ. ಎಲ್ಲರೂ ಮಾಯವಾದ ಗಳಿಗೆ ನೋಡಿ ನಿಯಮ ಬಿಸಾಕುವುದು, ಹತ್ತು ನಿಮಿಷ ಕಾಯುವುದು, ಅಂಕ ಬಾಚಿಕೊಳ್ಳುವುದು. ಒಂದೇ ವಾರದಲ್ಲಿ ತೊಂಬತ್ತಾಯಿತು.

ಗೆಲುವು ನೆತ್ತಿಗೇರಿತ್ತು. ಅಷ್ಟರಲ್ಲಿ ಮಗಳು ಕಿವಿಗೆ ವೈರು ಸಿಕ್ಕಿಸಿಕೊಂಡು ಎದುರಿಗೇ ಹಾದುಹೋದಳು. ಮೂರು ಸಲ ಕರೆದರೂ ಓ ಅನ್ನಲಿಲ್ಲ.

"ಇವತ್ತಿಂದ ಮನೆಗೂ ಇದೇ ನಿಯಮ!" ಮೇಷ್ಟ್ರು ಅಬ್ಬರಿಸಿದರು. "ಕೇಳಿದ್ದಕ್ಕೆ ಹತ್ತು ಎಣಿಸೋದ್ರೊಳಗೆ ಬಾಯಿ ಬಿಡದಿದ್ರೆ ಒಪ್ಪಿದ ಹಾಗೆ! ಯಾರು ಯಾರು ಕೈ ಎತ್ತುತ್ತೀರಿ?"

ಕೋಣೆಗಳ ನಡುವಿನ ಓಣಿಯ ಮಂಕು ದೀಪದಡಿ ಹೊಲಿಗೆ ಮೆಷಿನ್ ನಿಂತಿತು. ಹೆಂಡತಿ ತಲೆ ಹೊರಗೆ ಹಾಕಿದಳು.

"ಎಲ್ಲರಿಗೂನಾ ರೀ?"

"ಎಲ್ಲರಿಗೂ! ನನಗೂ!"

"ಹಾಗಾದ್ರೆ ತಗೊಳ್ಳಿ, ನನ್ನವು ಎರಡೂ ಕೈ."

ಅತ್ತೆ, ಅಂದರೆ ಮೇಷ್ಟ್ರ ತಾಯಿ, ಕೈ ಎತ್ತಿದರು. ಮಗಳೂ ಎತ್ತಿ, ನಿಯಮವನ್ನು ಚೀಟಿಯಲ್ಲಿ ಬರೆದು, ಅಪ್ಪನ ಸಹಿ ಹಾಕಿಸಿಕೊಂಡು ಫ್ರಿಜ್ಜಿಗೆ ಅಂಟಿಸಿದಳು.

ಹೆಂಡತಿಯ ಎರಡು ಕೈಗೂ ಕಾರಣವಿತ್ತು. ಊರವರ ಬಟ್ಟೆಯೆಲ್ಲ ಅವಳೇ ಹೊಲಿಯಬೇಕು, ಆದರೆ ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಆ ಓಣಿಯ ಕತ್ತಲೆಯಲ್ಲಿ ಕಣ್ಣಲ್ಲಿ ನೀರು ಬರುತ್ತಿತ್ತು. ಮೆಷಿನ್ ಇಡಲು ಕಿಟಕಿ ಜಾಗ ಕೊಡಿ ಎಂದು ಮೂರು ವರ್ಷದಿಂದ ಕೇಳುತ್ತಿದ್ದಳು. ಕೇಳಿದಾಗಲೆಲ್ಲ ಮೇಷ್ಟ್ರು ತಮ್ಮ ಬ್ರಹ್ಮಾಸ್ತ್ರ ಹೂಡುತ್ತಿದ್ದರು. ಏನದು? ಮಾತು ಬಿಡುವುದು! ಹನ್ನೊಂದು ದಿನ ತುಟಿ ಬಿಚ್ಚದ ದಾಖಲೆ ಅವರದು. ತಾಯಿ ಕರಗುತ್ತಿದ್ದರು, ಹೆಂಡತಿ ಸೋಲುತ್ತಿದ್ದಳು, ಕುರ್ಚಿ ಅಲ್ಲೇ ಉಳಿಯುತ್ತಿತ್ತು.

ಹನ್ನೆರಡು ಗಂಟೆಗೆ ಮೇಷ್ಟ್ರು ಕೊನೆಯ ನಿಯಮ ಬಿಟ್ಟರು. ಅದೇ ಹೊತ್ತಿಗೆ ಫೋನಿನ ಚಾರ್ಜ್ ಮುಗಿಯುತ್ತ ಬಂತು. ಒಳಕೋಣೆಗೆ ಓಡಿ, ವೈರು ಚುಚ್ಚಿ, ಗೋಡೆಗೆ ಮುಖ ಮಾಡಿ ನಿಂತರು. ಒಂಟಿಸಲಗ ಎದ್ದುಬಿಟ್ಟರೆ? ಬಿರುಗಾಳಿ ಬೀಸಿಬಿಟ್ಟರೆ?

"ರೀ," ಬಾಗಿಲಲ್ಲಿ ಹೆಂಡತಿ. "ಕುರ್ಚಿ ಹಿತ್ತಲಿಗೆ ಹಾಕಿ ಮೆಷಿನ್ ಕಿಟಕಿ ಹತ್ರ ಇಡ್ಲಾ?"

ಮೇಷ್ಟ್ರ ಕಣ್ಣು ಪರದೆ ಬಿಟ್ಟು ಕದಲಲಿಲ್ಲ.

"ಒಂದು... ಎರಡು... ಮೂರು..." ಮಗಳು ನಿಧಾನವಾಗಿ ಎಣಿಸಿದಳು. ಭಾನುವಾರವೂ ಲೆಕ್ಕ ಓದ್ತಿದಾಳೆ, ಭೇಷ್ ಎಂದುಕೊಂಡರು ಮೇಷ್ಟ್ರು.

"ಹತ್ತು!"

ಸ್ವಲ್ಪ ಹೊತ್ತಿಗೆ ಆಟದ ಹತ್ತು ನಿಮಿಷವೂ ತುಂಬಿ ಫೋನು ಟಿಣ್ ಎಂದಿತು. ನೂರು! ಮೇಷ್ಟ್ರು ಕುಣಿದರು. ಅಭಿನಂದನೆಗಳನ್ನು ಓದುತ್ತ, ಪರದೆಯಿಂದ ಕಣ್ಣು ಕೀಳದೆ, ಚಕ್ರವರ್ತಿಯ ಠೀವಿಯಲ್ಲಿ ನಡೆದು ಬಂದು ಸಿಂಹಾಸನದ ಮೇಲೆ ವಿರಾಜಮಾನರಾದರು.

ಧೊಪ್!

ಸಿಂಹಾಸನ ಹಿತ್ತಲು ಸೇರಿತ್ತು. ಅತ್ತೆ ಸೊಸೆ ಸೇರಿ ಮೆಷಿನ್ನನ್ನು ಅರ್ಧ ದಾರಿಗೆ ಎಳೆದು ತಂದಿದ್ದರು.

"ನನ್ನ ಕುರ್ಚಿ ಎಲ್ಲಿ?"

"ನೀವೇ ಒಪ್ಪಿದ್ರಲ್ಲ, ಹತ್ತು ಎಣಿಸಿದ್ವಿ," ಎಂದಳು ಹೆಂಡತಿ.

"ಅಪ್ಪಾ, ಸಹಿ ಇದೆ, ತೋರಿಸ್ಲಾ?" ಎಂದಳು ಮಗಳು.

ಮೇಷ್ಟ್ರ ಮುಖ ಕೆಂಪಾಯಿತು. ಸೊಂಟ ಹಿಡಿದುಕೊಂಡು ಎದ್ದು ಬ್ರಹ್ಮಾಸ್ತ್ರ ತೆಗೆದರು. "ಆಯ್ತು! ಇನ್ನು ಈ ಮನೇಲಿ ಯಾರ ಹತ್ರಾನೂ ಮಾತಿಲ್ಲ!" ಎಂದು ಬಾಯಿ ಮುಚ್ಚಿದರು. ಈಗ ಅಮ್ಮ ಕರಗಬೇಕು, ಇವಳು ಕುರ್ಚಿ ತರಬೇಕು ಎಂದು ಓರೆಗಣ್ಣಲ್ಲಿ ನೋಡಿದರು.

ಮೂವರೂ ಮುಖ ಮುಖ ನೋಡಿಕೊಂಡರು. ಹೆಂಡತಿಯ ಕಣ್ಣು ಅರಳಿತು.

"ಅತ್ತೆ, ಮಾತು ಬಿಟ್ರು! ಏನೇನು ಕೇಳ್ಬೇಕೋ ಬೇಗ ಕೇಳಿಬಿಡಿ!"

ತಾಯಿ ಮುಂದೆ ಬಂದರು. "ಆ ಪೊರಕೆ ಮೀಸೆ ನೋಡಿ ನೋಡಿ ಸಾಕಾಗಿದೆ ಕಣೋ. ತೆಗೆದುಬಿಡ್ಲಾ?"

"ಒಂದು... ಎರಡು..." ಮಗಳು ಶುರು ಮಾಡಿದಳು. ಹೆಂಡತಿ ಕತ್ತರಿ ಕೈಗೆತ್ತಿಕೊಂಡಳು. ಮೇಷ್ಟ್ರು ಹಲ್ಲು ಕಚ್ಚಿದರು. ಏಳು. ಎಂಟು. ಬೆವರು ಇಳಿಯಿತು.

"ಒಂಬ..."

"ಬೇಡಾ! ಬೇಡಾ! ಬೇಡಾ!"

ಹನ್ನೊಂದು ದಿನದ ದಾಖಲೆವೀರರ ಮೌನ ಒಂಬತ್ತು ಎಣಿಸುವುದರೊಳಗೆ ಮುಗಿಯಿತು.

ಸಂಜೆ ಕಿಟಕಿಯ ಬೆಳಕಿನಲ್ಲಿ ಮೆಷಿನ್ ಟಕಟಕ ಓಡುತ್ತಿತ್ತು. ಹೆಂಡತಿ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿ, ಏನೋ ಗುನುಗಿಕೊಂಡು, ಎದ್ದು ಅಡುಗೆಮನೆಗೆ ಹೋದಳು. ಚಾಂಪಿಯನ್ನರು ಓಣಿಯ ಸ್ಟೂಲಿನ ಮೇಲೆ ಕಿವಿ ನಿಮಿರಿಸಿಕೊಂಡು ಕೂತಿದ್ದರು.

"ರೀ..."

"ಕೇಳಿಸ್ತು! ಬೇಡ!"

"ಬೇಡ್ವಾ? ಸರಿ ಬಿಡಿ. ಕಾಫಿ ಕೊಡ್ಲಾ ಅಂತ ಕೇಳೋಣ ಅಂತಿದ್ದೆ."